ಮೊಳೆಯ ಮೇಲಿನ ರೊಟ್ಟಿ

"ಎಂಜಲು ಅದು, ಎಂಜಲು! ಅಡುಗೆಮನೆಯಲ್ಲಿ, ಅದೂ ತಲೆಯ ಮೇಲೆ ತೂಗು ಹಾಕುವುದಾ? ಬಿಸಾಡಿದೆ. ಇನ್ನೊಮ್ಮೆ ಕಂಡರೆ ಇನ್ನೊಮ್ಮೆ ಬಿಸಾಡ್ತೇನೆ!"

ಪುರಂದರ ಕೂಗಾಡಿದ್ದು ಕನ್ನಡದಲ್ಲಿ. ಸಿಟ್ಟು ಬಂದರೆ ಅವನಿಗೆ ಹಿಂದಿ ಮರೆತುಹೋಗುತ್ತದೆ. ರೊಟ್ಟಿ ಸುಡುವ ಬಖ್ರೋಮ್‌ಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅವನು ತಂದೂರಿನ ಪಕ್ಕದ ಗೋಡೆಯಲ್ಲಿದ್ದ ಖಾಲಿ ಮೊಳೆಗೆ ಬೆರಳು ತೋರಿಸುತ್ತಾ ಹರಕು ಹಿಂದಿಯಲ್ಲಿ ಒಂದೇ ಮಾತು ಕೇಳುತ್ತಿದ್ದ: "ಕಿಧರ್? ರೋಟಿ ಕಿಧರ್?"

ಗಲ್ಫಿನ ಶರ್ಕ್ ಪೇಟೆಯ ಆ ಉಜ್ಬೆಕ್ ಹೋಟೆಲಿಗೆ ಪುರಂದರ ಸೂಪರ್‌ವೈಸರ್ ಆಗಿ ಬಂದು ಐದು ದಿನವಾಗಿತ್ತಷ್ಟೆ. ಹನ್ನೊಂದು ಗಂಟೆಗೆ ಮುನಿಸಿಪಾಲಿಟಿಯವರು ಅಡುಗೆಮನೆ ನೋಡಲು ಬರುವವರಿದ್ದರು. ಅವನು ಬೆಳಿಗ್ಗೆ ಆರಕ್ಕೇ ಬಂದು ಮೂಲೆ ಮೂಲೆ ತಿಕ್ಕಿಸಿದ್ದ. ಆಗ ಕಣ್ಣಿಗೆ ಬಿದ್ದದ್ದು ಮೊಳೆಗೆ ನೇತಾಡುತ್ತಿದ್ದ ಬಟ್ಟೆಯ ಚೀಲ. ಒಳಗೆ ತಟ್ಟೆಯಗಲದ ರೊಟ್ಟಿ. ನಡುವೆ ಹೂವಿನ ಅಚ್ಚು. ಒಣಗಿ ಹಲಗೆಯಾಗಿತ್ತು. ಅಂಚಿನಲ್ಲಿ ಯಾರೋ ಕಚ್ಚಿದ ಹಲ್ಲಿನ ಗುರುತು. ಪುರಂದರನಿಗೆ ಮೈಯೆಲ್ಲ ಉರಿದುಹೋಯಿತು. ಚೀಲಸಮೇತ ಕಸಕ್ಕೆ ಹಾಕಿದ್ದ.

ಗಲಾಟೆ ಕೇಳಿ ಕ್ಯಾಶಿಯರ್ ಶಬೀರ್ ಓಡಿಬಂದ. ಖಾಲಿ ಮೊಳೆ ನೋಡಿದ್ದೇ ಅವನ ಮುಖ ಬಿಳುಚಿತು. "ಎಂತ ಮಾಡಿದ್ರಿ ಪುರಂದರಣ್ಣ?"

"ಎಂಜಲು ಬಿಸಾಡಿದೆ ಮಾರಾಯ. ನಿಮ್ಮಲ್ಲಿ ಎಂಜಲನ್ನು ಗೋಡೆಗೆ ತೂಗು ಹಾಕ್ತಾರಾ?"

"ನಮ್ಮಲ್ಲಿ ಇಲ್ಲ, ಇವರ ಊರಲ್ಲಿ ಉಂಟು. ದೂರ ಹೋಗುವವ ಹೊರಡುವಾಗ ಒಂದು ರೊಟ್ಟಿ ಕಚ್ಚಿ ಹೋಗ್ತಾನೆ. ಉಳಿದದ್ದನ್ನು ಅವನು ಬರುವ ತನಕ ಇಡ್ತಾರೆ. ಬಂದು ಅವನೇ ತಿಂದು ಮುಗಿಸಬೇಕು. ರೊಟ್ಟಿ ಇದ್ದರೆ ಅವನ ಅನ್ನದ ಋಣ ಇನ್ನೂ ತೀರಲಿಲ್ಲ ಅಂತ."

"ಕಚ್ಚಿದ್ದು ಯಾರು?"

"ಇವನ ಮಗ, ತುರ್ಸುನ್. ಇದೇ ತಂದೂರಿನಲ್ಲಿ ಅಪ್ಪನ ಜೊತೆ ಇದ್ದ. ಕಳೆದ ವರ್ಷ ಮಾಸ್ಕೋದಲ್ಲಿ ಕಟ್ಟಡದ ಕೆಲಸ ಅಂತ ಹೋದ. ನಾಲ್ಕು ತಿಂಗಳಿಂದ ಫೋನಿಲ್ಲ."

ಪುರಂದರ ಶಬೀರನ ಮೇಲೆಯೇ ಹಾರಿದ. "ಮೊದಲೇ ಬೊಗಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ನಿಮ್ಮ ಬಾಯಿ ಮುಚ್ಚಿದರಲ್ವಾ ನಾವು ಮಾತಾಡುವುದು?"

ಮೂವರೂ ಹಿಂಬಾಗಿಲಿನಿಂದ ಓಡಿದರು. ಬಿಸಿಲು ಮುಖಕ್ಕೆ ರಾಚಿತು. ಬೀದಿಯ ಕೊನೆಯ ದೊಡ್ಡ ಕಸದ ಡಬ್ಬಿ ಖಾಲಿ. ಲಾರಿ ಬಂದು ಹೋಗಿಯಾಗಿತ್ತು. ಆದರೂ ಬಖ್ರೋಮ್ ಸೊಂಟದವರೆಗೆ ಒಳಗೆ ಬಗ್ಗಿ ತಳದಲ್ಲಿ ಕೈಯಾಡಿಸಿದ. ಮೇಲೆ ಬಂದ ಕೈಯಲ್ಲಿ ಕೊಳಕು ನೀರಿನ ಹೊರತು ಏನೂ ಇರಲಿಲ್ಲ. ಅವನು ಆ ಕೈಯನ್ನೇ ನೋಡುತ್ತಾ ನಿಂತ.

ಒಳಗೆ ಬಂದವನು ಕೈ ತೊಳೆದ. ಮೂರು ಸಲ ಸೋಪು ಹಾಕಿ ತೊಳೆದ. ಏಪ್ರನ್ ಬಿಚ್ಚಿ ಮಡಚಿ ಹಿಟ್ಟಿನ ಡ್ರಮ್ಮಿನ ಮೇಲಿಟ್ಟ.

"ಎಲ್ಲಿಗೆ ಹೊರಟ ಇವನು? ಕೇಳು ಶಬೀರ್! ತಪ್ಪಾಯ್ತು ಅಂತ ಹೇಳು!" ಪುರಂದರ ಅತ್ತಿಂದಿತ್ತ ಎರಡು ಸುತ್ತು ಹಾಕಿದ. ಕೊಕ್ಕೆ ತೆಗೆದುಕೊಂಡು ತಂದೂರಿನಿಂದ ಬಿಸಿ ರೊಟ್ಟಿ ಎಳೆದ. ಬೆರಳು ಸುಟ್ಟರೂ ಬಿಡದೆ ಬಖ್ರೋಮನ ಬಾಯಿಯ ಹತ್ತಿರ ಹಿಡಿದ. "ಕಚ್ಚಿ ಹೋಗ್ಲಿಕ್ಕೆ ಹೇಳು! ಎಲ್ಲಿಗೆ ಬೇಕಾದರೂ ಹೋಗಿ ಬರಲಿ. ನಾನೇ ತೂಗು ಹಾಕ್ತೇನೆ, ಒಬ್ಬನಿಗೂ ಮುಟ್ಲಿಕ್ಕೆ ಬಿಡುವುದಿಲ್ಲ. ಹೇಳು ಮಾರಾಯ!"

ಶಬೀರ್ ಹಿಂದಿಯಲ್ಲಿ ಹೇಳಿದ. ಬಖ್ರೋಮ್ ಕೊನೆಯವರೆಗೂ ಕೇಳಿಸಿಕೊಂಡ. ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಆಮೇಲೆ ಅದನ್ನು ಮೆಲ್ಲಗೆ ಹಲಗೆಯ ಮೇಲಿಟ್ಟ, ಹೂವಿನ ಅಚ್ಚು ಮೇಲಕ್ಕೆ ಬರುವಂತೆ. ಹಿಂಬಾಗಿಲು ತೆರೆದು ಹೊರಟುಹೋದ.

ಹನ್ನೊಂದಕ್ಕೆ ಮುನಿಸಿಪಾಲಿಟಿಯವರು ಬಂದರು. ಇಷ್ಟು ಸ್ವಚ್ಛವಾದ ಅಡುಗೆಮನೆ ನೋಡಿಲ್ಲ ಎಂದು ಬರೆದುಕೊಟ್ಟು ಹೋದರು.

ಬಖ್ರೋಮ್ ಆ ದಿನ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ತಂದೂರಿಗೆ ಬೇರೆಯವನು ಬಂದಿದ್ದಾನೆ. ಪುರಂದರನೇ ಹೊಸ ಚೀಲ ಹೊಲಿಸಿ ಮೊಳೆಗೆ ಹಾಕಿದ ಆ ರೊಟ್ಟಿ ಅಲ್ಲೇ ಒಣಗುತ್ತಿದೆ. ದುಂಡಗೆ, ಇಡಿಯಾಗಿ, ಎಲ್ಲಿಯೂ ಎಂಜಲಾಗದೆ.