ಟೋಪಿ ಪೋಡಿ

“ಹಂಬಲ್ ಪೈ ಅಂದ್ರೆ ಯಾವ ಪೈ ಮಾಸ್ಟ್ರೇ? ಬಸ್‌ಸ್ಟ್ಯಾಂಡ್ ಹತ್ರ ಬಟ್ಟೆ ಅಂಗಡಿ ಇಟ್ಟವರಾ?” ಕೊನೆಯ ಬೆಂಚಿನಿಂದ ಪದ್ಮಾಕ್ಷಿ ಕೇಳಿದಳು.

ಬೆಳುವಾಯಿಯ ಗ್ರಂಥಾಲಯದ ಜಗಲಿಯಲ್ಲಿ ಶನಿವಾರದ ಇಂಗ್ಲಿಷ್ ಪಾಠ ನಡೆಯುತ್ತಿತ್ತು. ಕಲಿಯಲು ಬರುವವರೆಲ್ಲ ಐವತ್ತು ದಾಟಿದವರು. ಕಲಿಸುವವರು ನಿವೃತ್ತ ದಯಾನಂದ ಮಾಸ್ಟ್ರು. ಅಂದಿನ ಪಾಠ, ತಿನ್ನುವುದರ ಬಗ್ಗೆ ಇಂಗ್ಲಿಷರ ನುಡಿಗಟ್ಟುಗಳು. ಸುಲಭದ ಕೆಲಸಕ್ಕೆ ಕೇಕಿನ ತುಂಡು ಎನ್ನುವುದು, ಗುಟ್ಟು ಬಿಟ್ಟುಕೊಟ್ಟರೆ ಬೀನ್ಸ್ ಚೆಲ್ಲಿದರು ಎನ್ನುವುದು, ಇವೆರಡು ಹೇಗೋ ದಾಟಿದ್ದವು.

“ಅದು ಮನುಷ್ಯ ಅಲ್ಲ ಅಕ್ಕ, ತಿಂಡಿ. ಹಂಬಲ್ ಅಂದ್ರೆ ವಿನಯ. ತಗ್ಗಿ ತಪ್ಪು ಒಪ್ಪಿಕೊಳ್ಳುವುದಕ್ಕೆ ಹಂಬಲ್ ಪೈ ತಿನ್ನುವುದು ಅಂತ ಹೇಳ್ತಾರೆ.”

“ನಮ್ಮ ಪೈಗಳೂ ವಿನಯದವರೇ. ಪಾಪ, ಅವರನ್ನು ತಿನ್ನುವುದು ಎಂತಕ್ಕೆ?”

ಜಗಲಿ ಇಡೀ ಗೊಳ್ಳೆಂದಿತು. ಮಾಸ್ಟ್ರಿಗೆ ಸಿಟ್ಟು ನೆತ್ತಿಗೇರಿತು. “ನೀವು ಒಂದು ಇಡೀ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದ ದಿನ ನಾನು ನನ್ನ ಟೋಪಿ ತಿನ್ನುತ್ತೇನೆ!” ಎಂದುಬಿಟ್ಟರು. ಇದೂ ಇಂಗ್ಲಿಷರ ಮಾತೇ. ಆಗದ ಕೆಲಸಕ್ಕೆ ಹೇಳುವುದು. ಎಲ್ಲರೂ ಇನ್ನಷ್ಟು ನಕ್ಕರು. ಪದ್ಮಾಕ್ಷಿ ಮಾತ್ರ ನಗದೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಮುಂದಿನ ಶನಿವಾರ ಅವಳು ರಿಕ್ಷಾದಲ್ಲಿ ಬಂದಳು. ಜತೆಗೆ ಗ್ಯಾಸ್ ಒಲೆ, ಬಾಣಲೆ, ಒಂದು ಪಾತ್ರೆ ಕಡಲೆಹಿಟ್ಟು ಕಲಸಿದ್ದು. ಮದುವೆ ಮನೆಗಳಿಗೆ ಅಡುಗೆ ಮಾಡುವವಳು, ಯಾರದೋ ಹುಟ್ಟುಹಬ್ಬಕ್ಕೆ ಪೋಡಿ, ಅಂದರೆ ಬಜ್ಜಿ, ಕಾಯಿಸಲು ತಂದಿರಬೇಕೆಂದು ಎಲ್ಲರೂ ಎಣಿಸಿದರು. ಎಣ್ಣೆ ಕಾಯಲು ಇಟ್ಟು ಅವಳು ಎದ್ದು ನಿಂತಳು. ಸೆರಗಿಗೆ ಕೈ ಒರೆಸಿಕೊಂಡಳು.

“ಮಾಸ್ಟರ್, ಪ್ಲೀಸ್ ಗಿವ್ ಮಿ ಯುವರ್ ಹ್ಯಾಟ್, ಐ ವಿಲ್ ಫ್ರೈ ಇಟ್ ಇನ್ ಗುಡ್ ಆಯಿಲ್.”

“ಭೇಷ್!” ಮಾಸ್ಟ್ರು ಚಪ್ಪಾಳೆಯನ್ನೇ ತಟ್ಟಿದರು. ಆಮೇಲಷ್ಟೇ ಅವಳು ಚಾಚಿದ ಕೈ ಕಂಡಿತು.

“ಅಕ್ಕ, ಅದು ನುಡಿಗಟ್ಟು. ಇಂಗ್ಲೆಂಡಿನಲ್ಲಿ ಯಾರೂ ನಿಜವಾಗಿ ಟೋಪಿ ತಿನ್ನುವುದಿಲ್ಲ.”

“ಹಾಗಾದ್ರೆ ನಮಗೆ ಟೋಪಿ ಹಾಕಿದ್ದಾ ಮಾಸ್ಟ್ರೇ?” ಎಂದ ರಬ್ಬರ್ ಟ್ಯಾಪಿಂಗಿನ ಲೋಕಯ್ಯ.

ಪದ್ಮಾಕ್ಷಿ ಕೈ ಹಿಂದೆ ತೆಗೆಯಲಿಲ್ಲ. “ನಾಲ್ಕನೇ ಕ್ಲಾಸಿನಲ್ಲಿ ಒಬ್ಬರು ಮಾಸ್ಟ್ರು, ಈ ಹುಡುಗಿ ಪಾಸಾದ್ರೆ ಅರ್ಧ ಮೀಸೆ ಬೋಳಿಸ್ತೇನೆ ಅಂದಿದ್ರು. ನಾನು ಪಾಸಾದೆ. ಮರುದಿನ ಓಡಿಕೊಂಡು ಹೋಗಿ ನೋಡಿದ್ರೆ ಮೀಸೆ ಇಡೀ ಉಂಟು. ಆಮೇಲೆ ನಾನು ಶಾಲೆಗೆ ಹೋಗಲಿಲ್ಲ.”

ಎಣ್ಣೆ ಚಟಪಟ ಅನ್ನತೊಡಗಿತ್ತು. ಮಾಸ್ಟ್ರು ಬೋಳು ತಲೆಯಿಂದ ಬಿಳಿ ಬಟ್ಟೆಯ ಟೋಪಿ ತೆಗೆದು ಅವಳ ಕೈಗಿಟ್ಟರು.

“ಇಡೀ ಬೇಡ ಮಾಸ್ಟ್ರೇ. ನಾನು ಹೇಳಿದ್ದು ಒಂದೇ ವಾಕ್ಯ ಅಲ್ವಾ?” ಅವಳು ಚೀಲದಿಂದ ಕತ್ತರಿ ತೆಗೆದು ಅಂಚಿನಿಂದ ಬಟಾಟೆ ಹೋಳಿನಷ್ಟು ತುಂಡು ಕತ್ತರಿಸಿ, ಫ್ಲಾಸ್ಕಿನ ಬಿಸಿನೀರಿನಲ್ಲಿ ಎರಡು ಸಲ ಹಿಂಡಿ, ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು. ಅದು ಚಂದವಾಗಿ ಉಬ್ಬಿತು. ಬಾಳೆಲೆಯ ತುಂಡಿನಲ್ಲಿ ಬಡಿಸಿ, ಪಕ್ಕಕ್ಕೆ ಚಟ್ನಿಯನ್ನೂ ಹಾಕಿದಳು.

ಮಾಸ್ಟ್ರು ಕಚ್ಚಿದರು. ಹಿಟ್ಟು ಒಂದೇ ಕ್ಷಣದಲ್ಲಿ ಕರಗಿತು. ಬಟ್ಟೆ ಕರಗಲಿಲ್ಲ. ಜಗಿದರು, ಜಗಿದರು, ದವಡೆ ನೋಯುವಷ್ಟು ಜಗಿದರು. ತುಟಿಯ ಮೂಲೆಯಲ್ಲಿ ಒಂದು ನೂಲು ನೇತಾಡಿತು. ಕಣ್ಣಲ್ಲಿ ನೀರು ಬಂತು. ಪದ್ಮಾಕ್ಷಿಯ ಮುಖ ಬದಲಾಯಿತು. ಅವಳು ಹತ್ತಿರ ಬಂದು, ಬಾಯಿಗೆ ಮಣ್ಣು ಹಾಕಿಕೊಂಡ ಮಗುವಿಗೆ ಹಿಡಿಯುವ ಹಾಗೆ ಅವರ ಬಾಯಿಯ ಕೆಳಗೆ ಅಂಗೈ ಒಡ್ಡಿದಳು.

“ಸಾಕು, ಉಗುಳಿ ಮಾಸ್ಟ್ರೇ. ನುಂಗುವುದು ಬೇಡ.”

ಮಾಸ್ಟ್ರು ಇಲ್ಲ ಎಂದು ತಲೆಯಾಡಿಸಿದರು. ಕಣ್ಣು ಮುಚ್ಚಿದರು. ಗಂಟಲಿನ ಗಂಟು ಮೇಲೆ ಹೋಗಿ, ಅಲ್ಲೇ ತುಸು ನಿಂತು, ಕೆಳಗಿಳಿಯಿತು.

ಪದ್ಮಾಕ್ಷಿ ಒಲೆ ಆರಿಸಿ, ಅವರ ಕೈಗೆ ನೀರಿನ ಚೊಂಬು ಕೊಟ್ಟಳು.

“ಹೊಟ್ಟೆನೋವು ಬಂದ್ರೆ ಫೋನ್ ಮಾಡಿ ಮಾಸ್ಟ್ರೇ,” ಎಂದಳು. “ಇಂಗ್ಲಿಷಿನಲ್ಲೇ ಮಾತಾಡುವ.”