ಧಾರವಾಡದ ಕಿವಿ

"ಮ್ಯಾಲಿನ ಗೋದಾಬಾಯಿ ಬಂದಿದ್ರು. ನಿಮ್ಮ ಕ್ಯಾಸೆಟ್ಟೊಂದು ಒಯ್ದ್ರು" ಎಂದಳು ಶಿವಬಸವ್ವ, ಮೆಂತ್ಯದ ಸೊಪ್ಪು ಸೋಸುತ್ತ.

ಆಫೀಸಿನಿಂದ ಆಗಷ್ಟೇ ಬಂದ ಮುರುಗೆಪ್ಪ ಒಂದು ಚಪ್ಪಲಿ ಬಿಟ್ಟಿದ್ದ. ಇನ್ನೊಂದು ಕಾಲಲ್ಲೇ ಉಳಿಯಿತು. "ಯಾವ್ದು?"

"ನನಗೇನ್ ಗೊತ್ತು? ಮ್ಯಾಲೆ ಮರಾಠಿ ಅಕ್ಷರದಾಗ ಬರದೀರಲ್ಲ, ಅದು. ಅವರೇ ಓದಿದ್ರು. 'ಅಗಬಾಯಿ, ಭೀಮಪಲಾಸ್!' ಅಂದ್ರು. ಹನ್ನೊಂದು ವರ್ಷದಿಂದ ನಿಮ್ಮ ಬಾಯಾಗ ಕೇಳಿದ್ದನ್ನ ಒಮ್ಮೆ ಪೂರಾ ಕೇಳಬೇಕಂತ ಅವರ ಯಜಮಾನರಿಗೆ. ಪ್ರಸಾದ ಒಯ್ದಂಗ ಸೆರಗಿನಾಗ ಮುಚ್ಚಿಕೊಂಡು ಒಯ್ದ್ರು."

ಪುಣೆಯವರ ಲೆಕ್ಕದಲ್ಲಿ ಬೆಳಗಾವಿ ದಾಟಿದ ನೆಲವೆಲ್ಲ ಧಾರವಾಡ. ಧಾರವಾಡದವರೆಲ್ಲ ತಂಬೂರಿ ಹಿಡಿದೇ ಹುಟ್ಟಿದವರು. ಮುರುಗೆಪ್ಪ ಬೈಲಹೊಂಗಲದವನು, ಬೀಜದ ಕಂಪನಿಯ ಗುಮಾಸ್ತ ಎಂಬುದು ಈ ನಂಬಿಕೆಗೆ ಅಡ್ಡಿಯಾಗಲಿಲ್ಲ. ಸದಾಶಿವ ಪೇಠೆಯ ಈ ವಾಡೆಗೆ ಬಾಡಿಗೆಗೆ ಬಂದ ಮೊದಲ ವಾರವೇ ಮಹಡಿಯ ಗೋದಾಬಾಯಿಯ ಗಂಡ ಮಾರ್ತಾಂಡರಾವ್ ರೇಡಿಯೋದತ್ತ ಬೆರಳು ತೋರಿಸಿ, "ನೀವು ಧಾರವಾಡದವರು, ಹೇಳಿ. ಇದು ಯಾವ ರಾಗ?" ಎಂದು ಮರಾಠಿಯಲ್ಲಿ ಕೇಳಿದ್ದರು. ಮುರುಗೆಪ್ಪನಿಗೆ ಗೊತ್ತಿದ್ದದ್ದು ಒಂದೇ ರಾಗದ ಹೆಸರು. ಕಣ್ಣು ಮುಚ್ಚಿ, ಕೊಂಚ ಹೊತ್ತು ತಡೆದು, ತೂಕ ಬರಲೆಂದು ಕನ್ನಡದಲ್ಲೇ ಹೇಳಿದ್ದ: "ಭೀಮಪಲಾಸ ಇದ್ದಂಗ ಅದ. ಆದ್ರ ಪೂರಾ ಅಲ್ಲ." ಆಮೇಲೆ ಮರಾಠಿಯಲ್ಲಿ ಅರ್ಥ ಬಿಡಿಸಿ ಹೇಳಿದ್ದ.

ಆ ವಾಕ್ಯ ಇಂದಿನವರೆಗೂ ಕೈಕೊಟ್ಟಿರಲಿಲ್ಲ. ಅದರ ಬಲದಿಂದ ಪ್ರತಿ ಸಂಗೀತದ ಬೈಠಕ್ಕಿಗೂ ಮಾರ್ತಾಂಡರಾಯರ ಎರಡನೆಯ ಪಾಸು ಅವನಿಗೇ. ಮುಂದಿನ ಸಾಲಿನ ಜಮಖಾನೆಯ ಮೇಲೆ ಕೂತು, ಅವರ ತಲೆ ತೂಗಿದ ಮರುಕ್ಷಣ ತನ್ನದನ್ನೂ ತೂಗುತ್ತಿದ್ದ. "ಇವರು ಧಾರವಾಡದವರು" ಎಂದು ಅವರು ಪರಿಚಯಿಸಿದಾಗ ಎಂಥೆಂಥವರೋ ಕೈಮುಗಿಯುತ್ತಿದ್ದರು. ಬೀಜದ ಕಂಪನಿಯಲ್ಲಿ ಅವನಿಗೆ ಯಾರೂ ಕೈಮುಗಿದವರಿಲ್ಲ. ನಾಳೆ ಶನಿವಾರ ಮತ್ತೊಂದು ಬೈಠಕ್.

ಗೋದಾಬಾಯಿ ಒಯ್ದ ಕ್ಯಾಸೆಟ್ಟಿನಲ್ಲಿ ಭೀಮಪಲಾಸವಿರಲಿಲ್ಲ. ಬಂದವರು ಕಪಾಟು ನೋಡುತ್ತಾರೆಂದು ಮುರುಗೆಪ್ಪನೇ ಅಂಟಿಸಿದ ಚೀಟಿ ಅದು. ಒಳಗಿದ್ದದ್ದು ಅವನ ಮದುವೆಯ ಮೆರವಣಿಗೆಯ ಬ್ಯಾಂಡು. ಹೆಂಡತಿಯ ಅಣ್ಣ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ನಡೆದು ತುಂಬಿಸಿದ್ದು. ರವಿವಾರ ಮಧ್ಯಾಹ್ನ ಕಿಟಕಿ ಮುಚ್ಚಿ, ದನಿ ಸಣ್ಣಗೆ ಇಟ್ಟುಕೊಂಡು ಗಂಡ ಹೆಂಡತಿ ಅದನ್ನು ಕೇಳುತ್ತಿದ್ದರು.

"ಹೋಗಿ ತರ್ರಿ ಮತ್ತ" ಎಂದಳು ಶಿವಬಸವ್ವ. "ಹಚ್ಚೂದ್ರಾಗ ತಂದ್ರ ಮಾನ ಉಳೀತದ."

ಅವನು ಒಂದೇ ಚಪ್ಪಲಿಯಲ್ಲಿ ಕಟ್ಟಿಗೆಯ ಮೆಟ್ಟಿಲು ಏರಿದ. ಅರ್ಧ ಏರುವಷ್ಟರಲ್ಲಿ ಡೋಲು ಕೇಳಿಸಿತು. ಕಿಟಕಿ ತೆರೆದಿತ್ತು, ದನಿ ಸಣ್ಣಗಿರಲಿಲ್ಲ. ಇಡೀ ವಾಡೆಗೆ ಅವನ ಮದುವೆ ಇನ್ನೊಮ್ಮೆ ಆಗುತ್ತಿತ್ತು.

ಮಾರ್ತಾಂಡರಾವ್ ತೂಗುಮಂಚದ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಮುರುಗೆಪ್ಪ ಬಾಗಿಲಲ್ಲೇ ನಿಂತ. ಕ್ಲಾರಿನೆಟ್ ಒಂದು ಕಡೆಗೆ, ತುತೂರಿ ಇನ್ನೊಂದು ಕಡೆಗೆ ಹೊರಟಿದ್ದಾಗ ಗಂಡಸಿನ ಗಡಸು ದನಿಯೊಂದು ನಡುವೆ ನುಗ್ಗಿತು: "ಏ ಸಂಕಪ್ಪಾ, ಡೋಲು ಮೆಲ್ಲಕ ಬಾರ್ಸೋ! ಹುಡುಗಿ ಅಳಾಕತ್ತಾಳ, ಮಂದಿಗೆ ಕೇಳವಲ್ದು!"

ರಾಯರು ಒಂದು ಕಣ್ಣು ತೆರೆದರು. "ಈ ಉಸ್ತಾದರು ಯಾರು?"

"ನಮ್ಮ ಮಾವ" ಎಂದ ಮುರುಗೆಪ್ಪ. ಇನ್ನು ಮುಚ್ಚಲು ಏನೂ ಉಳಿದಿರಲಿಲ್ಲ.

"ಏನಂದರು?"

ಮುರುಗೆಪ್ಪ ಮರಾಠಿಯಲ್ಲಿ ಹೇಳಿದ.

"ಅಳುತ್ತಿರುವವಳು?"

"ನಮ್ಮ ಮನೆಯವಳು."

ಕೆಳಗಿನಿಂದ ಶಿವಬಸವ್ವನ ಕೂಗು ಬಂತು: "ನಾ ಅತ್ತಿಲ್ರಿ! ಗ್ಯಾಸ್ ಲೈಟಿನ ಹೊಗಿ ಕಣ್ಣಾಗ ಹೋಗಿತ್ತು!"

ರಾಯರು ಕೈಚಾಚಿ ಟೇಪನ್ನು ಹಿಂದಕ್ಕೆ ಓಡಿಸಿದರು. ಮಾವ ಮತ್ತೊಮ್ಮೆ ಸಂಕಪ್ಪನನ್ನು ಗದರಿದ. "ನಮ್ಮ ಮದುವೆಗೆ ಅಪ್ಪ ಬ್ಯಾಂಡ್ ಬೇಡವೆಂದರು" ಎಂದರು ರಾಯರು. "ಅಭಿರುಚಿಯಿಲ್ಲದ್ದು ಅಂತ. ಭೋರ್ ಊರಿನಲ್ಲಿ ಇಬ್ಬರು ಶಹನಾಯಿಯವರು ಮೂಲೆಯಲ್ಲಿ ಕೂತು ಏನೋ ಶಾಸ್ತ್ರೀಯವಾಗಿ ಊದಿ ಹೋದರು."

"ನಮ್ಮ ಮದುವೆಯಾಯಿತೆಂದು ಓಣಿಗೇ ಗೊತ್ತಾಗಲಿಲ್ಲ" ಎಂದರು ಗೋದಾಬಾಯಿ, ಅಡುಗೆಮನೆಯಿಂದ, ಬೇರೆ ಯಾರದೋ ವಿಷಯವೆಂಬಂತೆ. "ಇದನ್ನು ಹಿಂದಕ್ಕೆ ಓಡಿಸಿ ಕೇಳುತ್ತಿದ್ದಾರೆ, ಮುರುಗೆಪ್ಪರಾವ್. ಬೈಠಕ್ಕಿನ ಕ್ಯಾಸೆಟ್ ಹಾಕಿದರೆ ಹತ್ತು ನಿಮಿಷಕ್ಕೆ ಗೊರಕೆ."

ಮುರುಗೆಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ನೆಲದ ಮೇಲೆ ಕೂತ. "ಮಾರ್ತಾಂಡರಾವ್, ಒಂದು ಮಾತು ಹೇಳಬೇಕು. ಈ ಹನ್ನೊಂದು ವರ್ಷ ನಾನು ರಾಗದ ವಿಷಯದಲ್ಲಿ..."

ರಾಯರು ಬೆರಳೆತ್ತಿ ತಡೆದರು. ಕಣ್ಣು ಮುಚ್ಚಿದರು. ಕ್ಲಾರಿನೆಟ್ಟು ಒಂದು ಸ್ವರಕ್ಕೆ ಹಾರಿ, ಸಿಗದೆ, ಪಕ್ಕದ್ದನ್ನು ಹಿಡಿದುಕೊಂಡು ನೇತಾಡುತ್ತಿತ್ತು. ಅವರು ಕೊಂಚ ಹೊತ್ತು ತಡೆದು, ತಲೆ ತೂಗಿ, ಹನ್ನೊಂದು ವರ್ಷದಲ್ಲಿ ತಾವು ಕಲಿತ ಅಷ್ಟೂ ಕನ್ನಡವನ್ನು ಒಮ್ಮೆಲೇ ಆಡಿದರು:

"ಭೀಮಪಲಾಸ ಇದ್ದಂಗ ಅದ. ಆದ್ರ ಪೂರಾ ಅಲ್ಲ."