ಕರುವಿಗೆ ಬಿದ್ದ ಕಣ್ಣು

ಬೆಲ್ಲ, ಏಲಕ್ಕಿ ಬೆರೆತ ಗಿಣ್ಣದ ವಾಸನೆ ಬಂದರೆ, ತಟ್ಟೆಗೆ ಕೈ ಹಾಕುವ ಮೊದಲು ನಾನು ಈಗಲೂ ಕೇಳುವುದು, ‘ಕರು ಹೇಗಿದೆ?’ ಎಂದೇ.

ಕನ್ನೊಳ್ಳಿಯ ನಮ್ಮ ಮನೆಯಲ್ಲಿ ಆಕಳು ಈದ ಮೂರನೆಯ ದಿನ ಕರುವಿಗೆ ಭೇದಿ ಹತ್ತಿತು. ಬಾಲ, ತೊಡೆ ಎಲ್ಲ ಹಳದಿ ಅಂಟು, ಕಣ್ಣು ಗುಳಿಬಿದ್ದಿದ್ದವು. ಅಪ್ಪನ ತಾಯಿ, ನಮ್ಮ ಆಯಿಗೆ, ಅನುಮಾನವೆಲ್ಲ ಪಕ್ಕದ ಮನೆಯ ನೀಲವ್ವನ ಮೇಲೆ. ಓಣಿಗೆಲ್ಲ ಗಿಣ್ಣ ಹಂಚಿದ ದಿನ ಆಕೆ ಕರುವಿನ ಬೆನ್ನು ಸವರಿ, “ಎಷ್ಟು ಚಂದ ಐತ್ರೀ ಕರಾ!” ಎಂದಿದ್ದಳು.

“ಆಕಿದ ನೆದರ ಆಗೈತಿ. ನಮ್ಮ ಗಿಣ್ಣ ತಿಂದ ಬಾಯೀಲೆ ಅಂದಾಳ!”

ಆಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಾರದಿದ್ದರೆ ಕಣ್ಣು ಬಿದ್ದಿರುವುದು ಖರೆ ಎಂದು ಅರ್ಥ. ನಾನು ಕಣ್ಣೀರು ಬರುವಂತೆ ಕೆಮ್ಮಿದೆ. “ಸುಮ್ನಿರು, ಘಾಟ ಎಲ್ಲಿ ಬಂತು?” ಎಂದು ಗದರಿದಳು.

ಮಧ್ಯಾಹ್ನ ಸಿಂದಗಿಯಿಂದ ದನದ ಡಾಕ್ಟರು ಬಂದರು. ಆಯಿ ಅವರ ಮುಂದೆಯೂ ಗಿಣ್ಣದ ತಟ್ಟೆ ಇಟ್ಟಳು. ಅವರು ಕರುವಿನ ಒಸಡು ಮುಟ್ಟಿ ನೋಡಿ ಕೇಳಿದರು: “ಈ ಗಿಣ್ಣದ ಹಾಲು ಕರಾ ಎಷ್ಟು ಕುಡದೈತಿ, ಆಯಿ?”

“ಕರಾಕ ಯಾರ ಬಿಡ್ತಾರ್ರಿ? ಹೊಟ್ಟಿ ಕೆಡತೈತಿ. ನಾಲಗಿಗಿ ಹಚ್ಚಿ ದೂರ ಕಟ್ಟೀವಿ.”

ಡಾಕ್ಟರು ತಟ್ಟೆಯನ್ನು ಹಾಗೇ ಸರಿಸಿದರು. ಔಷಧ ಕುಡಿಸಿ, “ಕರಾಕ ಬ್ಯಾನಿ ತಡಿಯೂದು ಈ ಹಾಲ, ಆಯಿ,” ಎಂದು ಚೀಲ ಎತ್ತಿಕೊಂಡು ಹೋದರು.

ಸಂಜೆಗೆ ಕರುವಿನ ಕಿವಿ ತಣ್ಣಗಾದವು; ಅದು ಮತ್ತೆ ತಲೆ ಎತ್ತಲಿಲ್ಲ. ಆಯಿ ಆ ತಟ್ಟೆಯನ್ನೇ ದಿಟ್ಟಿಸುತ್ತ ಕೂತಳು.

“ಗಿಣ್ಣ ಮುಟ್ಟಲಿಲ್ಲ ನೋಡು ಅಂವ. ಅಂವನೂ ನೀಲವ್ವನ ಪೈಕಿನ,” ಎಂದು ಮತ್ತೊಂದು ಹಿಡಿ ಮೆಣಸಿನಕಾಯಿ ತೆಗೆದಳು.